ಬೂಟು ಕಳಚಿದ ಮೇಲೆ

ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ನೋಡಿದ ದಿನ ತಂದೆ ನನ್ನ ಫುಟ್‌ಬಾಲ್ ಬೂಟನ್ನು ಅಟ್ಟಕ್ಕೆ ಹಾಕಿದರು. "ಇದು ಎಷ್ಟು ವರ್ಷ ಅನ್ನ ಕೊಡುತ್ತದೆ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಆದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹೆಚ್ಚಿನ ವೃತ್ತಿಪರ ಆಟಗಾರರು 35 ದಾಟುವಷ್ಟರಲ್ಲಿ ಮೈದಾನ ಬಿಡುತ್ತಾರೆ. ಆಮೇಲೆ ಇನ್ನೂ ಅರ್ಧ ಬದುಕು ಉಳಿದಿರುತ್ತದೆ. ಬ್ರೆಜಿಲಿನ ಗರಿಂಚಾ 1958 ಮತ್ತು 1962ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. ಆಟ ಮುಗಿದ ಮೇಲೆ ಕುಡಿತ ಮತ್ತು ಬಡತನದಲ್ಲಿ ಕುಸಿದು, 1983ರಲ್ಲಿ 49ನೇ ವಯಸ್ಸಿಗೇ ತೀರಿಕೊಂಡರು. ಚಪ್ಪಾಳೆ ಹೊಡೆದ ಜನ ಆಗ ಜೊತೆಗಿರಲಿಲ್ಲ.

ಹಾಗಾದರೆ ತಂದೆ ಹೇಳಿದ್ದೇ ಸರಿಯೇ? ಪೂರ್ತಿ ಅಲ್ಲ. ನಾಗಾಲ್ಯಾಂಡಿನ ತಾಲಿಮೆರೆನ್ ಆವೊ ಅವರನ್ನು ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡದ ನಾಯಕರಾಗಿದ್ದವರು. ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿ, ಫ್ರಾನ್ಸ್ ಎದುರು 1-2ರಿಂದ ಸೋತರು. ಆಗ ಆವೊ ಕೋಲ್ಕತ್ತಾದಲ್ಲಿ ವೈದ್ಯಕೀಯ ವಿದ್ಯಾರ್ಥಿ. ಮೋಹನ್ ಬಗಾನ್ ಪರ ಆಡುತ್ತಲೇ ಓದಿದರು. ಆಟ ಬಿಟ್ಟ ಮೇಲೆ ವೈದ್ಯರಾಗಿ ಊರಿನ ಕಡೆ ಮರಳಿ, ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾದರು. ಅವರು ಆಟವನ್ನೂ ಬಿಡಲಿಲ್ಲ, ಪುಸ್ತಕವನ್ನೂ ಬಿಡಲಿಲ್ಲ.

ಎಲ್ಲರೂ ಆವೊ ಆಗಲಾರರು, ನಿಜ. ಆದರೆ "ಆಟವೋ ಪಾಠವೋ, ಒಂದನ್ನು ಆರಿಸಿಕೋ" ಎಂದು 17ರ ಹುಡುಗನಿಗೆ ಹೇಳುವುದು ನ್ಯಾಯವಲ್ಲ.

ತಪ್ಪು ನಮ್ಮದೂ ಇದೆ. ಅಭ್ಯಾಸದ ನೆಪ ಹೇಳಿ ನಾನೇ ಎಷ್ಟೋ ಸಲ ಫಿಸಿಕ್ಸ್ ಲ್ಯಾಬ್ ತಪ್ಪಿಸಿದ್ದೇನೆ. ಆ ದಿನಗಳಲ್ಲಿ ನಾನು ಮೈದಾನದಲ್ಲೂ ಇರಲಿಲ್ಲ, ಕ್ಯಾಂಟೀನಿನಲ್ಲಿದ್ದೆ. ತಂಡದ ಗೆಳೆಯರೇ, ಇದನ್ನು ಮೊದಲು ನಿಲ್ಲಿಸೋಣ.

ಉಪನ್ಯಾಸಕರಲ್ಲಿ ಒಂದು ವಿನಂತಿ. ಪಂದ್ಯಕ್ಕೆ ಹೋದ ದಿನಗಳ ಪಾಠವನ್ನು ಶನಿವಾರ ಮಧ್ಯಾಹ್ನ ಒಂದು ಗಂಟೆ ಹೇಳಿಕೊಡಿ. ಬರದವನನ್ನು ತಂಡದಿಂದಲೇ ಕೈಬಿಡಿ, ನಾವು ದೂರುವುದಿಲ್ಲ.

ತಂದೆಯ ಜೊತೆ ನಾನೂ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಮುಂದಿನ ಪರೀಕ್ಷೆಯಲ್ಲಿ ಅಂಕ ಏರಿದರೆ ಬೂಟು ಅಟ್ಟದಿಂದ ಇಳಿಯುತ್ತದೆ. ಅಲ್ಲಿಯವರೆಗೆ ಸಂಜೆ ಬರಿಗಾಲಲ್ಲೇ ಆಡುತ್ತೇನೆ. 1948ರವರಿಗೆ ಅದು ಸಾಕಾಗಿತ್ತಲ್ಲ!