5ಜಿ ಟವರ್‌ನಿಂದ ವಿಮಾನಕ್ಕೆ ಅಪಾಯವೇ? ಉತ್ತರ ಒಂದು ಪುಟ್ಟ ಫಿಲ್ಟರ್‌ನಲ್ಲಿದೆ

‘ಏರ್‌ಪೋರ್ಟ್ ಹತ್ತಿರ 5ಜಿ ಟವರ್ ಹಾಕಿದರೆ ವಿಮಾನ ಬೀಳುತ್ತದೆ’ ಎನ್ನುವಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಕೆಲವರು ಅದನ್ನು ನಂಬಿ ಹೆದರುತ್ತಾರೆ. ಇನ್ನು ಕೆಲವರು ಶುದ್ಧ ಸುಳ್ಳು ಎಂದು ನಗುತ್ತಾರೆ. ನಿಜ ಸಂಗತಿ ಇವೆರಡರ ನಡುವೆ ಇದೆ.

ಏನಾಗಿತ್ತು?

2022ರ ಜನವರಿ 19ರಂದು ಅಮೆರಿಕದಲ್ಲಿ ‘ಸಿ-ಬ್ಯಾಂಡ್’ 5ಜಿ ಸೇವೆ ಶುರುವಾಯಿತು. ಅದೇ ದಿನ ಏರ್ ಇಂಡಿಯಾ ಸೇರಿದಂತೆ ಹಲವು ಸಂಸ್ಥೆಗಳು ಅಲ್ಲಿಗೆ ಹೋಗಬೇಕಿದ್ದ ಕೆಲವು ವಿಮಾನಗಳನ್ನು ರದ್ದು ಮಾಡಿದವು. ಯಾವ ವಿಮಾನವೂ ಬಿದ್ದಿರಲಿಲ್ಲ. ಆತಂಕ ಇದ್ದದ್ದು ‘ರೇಡಿಯೊ ಆಲ್ಟಿಮೀಟರ್’ ಎಂಬ ಉಪಕರಣದ ಬಗ್ಗೆ.

ಈ ಉಪಕರಣ ನೆಲದ ಕಡೆಗೆ ರೇಡಿಯೊ ಅಲೆ ಕಳಿಸುತ್ತದೆ. ಅಲೆ ನೆಲಕ್ಕೆ ತಾಗಿ ಹಿಂತಿರುಗಲು ಹಿಡಿದ ಸಮಯದಿಂದ ನೆಲ ಎಷ್ಟು ಕೆಳಗಿದೆ ಎಂದು ಲೆಕ್ಕ ಹಾಕುತ್ತದೆ. ಮಂಜು ಕವಿದು ರನ್‌ವೇ ಕಾಣದಿರುವಾಗ ಪೈಲಟ್‌ಗೆ ಇದೇ ಕಣ್ಣು.

ಅಕ್ಕಪಕ್ಕದ ಮನೆಯ ಗಲಾಟೆ

ಆಲ್ಟಿಮೀಟರ್ ಬಳಸುವುದು 4.2ರಿಂದ 4.4 ಗಿಗಾಹರ್ಟ್ಸ್. ಅಮೆರಿಕದ ಈ 5ಜಿಗೆ ಕೊಟ್ಟದ್ದು 3.7ರಿಂದ 3.98. ಎರಡೂ ಬೇರೆ ಬೇರೆಯಾದರೂ ತೊಂದರೆ ಯಾಕೆ?

ಮೊದಲು ಆಲ್ಟಿಮೀಟರ್‌ನ ನೆರೆಯಲ್ಲಿದ್ದದ್ದು ಉಪಗ್ರಹಗಳ ಸಿಗ್ನಲ್. ಬಾಹ್ಯಾಕಾಶದಿಂದ ಬರುವ ಆ ಸಿಗ್ನಲ್ ತೀರಾ ಕ್ಷೀಣ. ಹಾಗಾಗಿ ಹಳೆಯ ಆಲ್ಟಿಮೀಟರ್‌ಗಳಲ್ಲಿ ಹೊರಗಿನ ಸಿಗ್ನಲ್ ತಡೆಯುವ ಫಿಲ್ಟರ್ ತುಂಬಾ ಬಿಗಿಯಾಗಿರಬೇಕಾದ ಅಗತ್ಯ ಬೀಳಲಿಲ್ಲ. ಆಮೇಲೆ ಪಕ್ಕದಲ್ಲಿ ಜೋರು ದನಿಯ ಟವರ್ ಬಂತು. ಜೋರಾದ ಸಿಗ್ನಲ್ ಒಳಗೆ ನುಗ್ಗಿ ಆಂಪ್ಲಿಫೈಯರ್ ಅನ್ನು ಉಸಿರುಗಟ್ಟಿಸಿದರೆ, ನೆಲದಿಂದ ಬಂದ ಮೆಲುದನಿ ಅಲ್ಲೇ ಮುಳುಗಿಹೋಗುತ್ತದೆ. ಆಮೇಲೆ ಸಾಫ್ಟ್‌ವೇರ್‌ನಿಂದ ಅದನ್ನು ಹೆಕ್ಕಿ ತೆಗೆಯುವುದು ಕಷ್ಟ. ತಡೆಯುವುದಿದ್ದರೆ ಬಾಗಿಲಲ್ಲೇ ತಡೆಯಬೇಕು. ಆ ಕಾವಲುಗಾರನೇ ಫಿಲ್ಟರ್.

ಮೊದಲೇ ಬಿಗಿ ಫಿಲ್ಟರ್ ಹಾಕಬಹುದಿತ್ತಲ್ಲ?

ಜರಡಿಯ ಕಣ್ಣು ಸಣ್ಣದಾದಷ್ಟೂ ಕಸದ ಜೊತೆ ಒಂದಿಷ್ಟು ಕಾಳೂ ಹೋಗುತ್ತದೆ. ಫಿಲ್ಟರ್ ಕೂಡ ಹಾಗೆಯೇ. ತಡೆ ಬಿಗಿಯಾಗಬೇಕಾದರೆ ಒಳಗೆ ‘ರೆಸೊನೇಟರ್’ಗಳೆಂಬ ಘಟಕಗಳು ಹೆಚ್ಚಬೇಕು. ಅವು ಹೆಚ್ಚಿದಂತೆ ನಮಗೆ ಬೇಕಾದ ಸಿಗ್ನಲ್ ಕೂಡ ಸೋರಿಹೋಗುತ್ತದೆ. 3 ಡೆಸಿಬೆಲ್ ನಷ್ಟವಾದರೆ ಅರ್ಧ ಶಕ್ತಿಯೇ ಹೋಯಿತು ಎಂದು ಅರ್ಥ. ಗಾತ್ರ, ತೂಕ, ಖರ್ಚು ಬೇರೆ. ಬಿಸಿ-ಚಳಿಗೆ ಫಿಲ್ಟರ್‌ನ ವಸ್ತು ಹಿಗ್ಗಿ ಕುಗ್ಗಿದರೆ ಅದು ಆರಿಸುವ ಫ್ರೀಕ್ವೆನ್ಸಿಯೂ ಸರಿಯುತ್ತದೆ. ಇವೆಲ್ಲವನ್ನೂ ತೂಗಿ ನೋಡುವುದೇ ವಿನ್ಯಾಸಕಾರರ ಕೆಲಸ.

ಅಮೆರಿಕದಲ್ಲಿ ವಿಮಾನಗಳಿಗೆ ಹೊಸ ಫಿಲ್ಟರ್ ಅಥವಾ ಹೊಸ ಆಲ್ಟಿಮೀಟರ್ ಹಾಕಲಾಯಿತು. 2023ರ ಜುಲೈ ತನಕ ಟೆಲಿಕಾಂ ಕಂಪನಿಗಳು ವಿಮಾನ ನಿಲ್ದಾಣಗಳ ಬಳಿ ಟವರ್‌ಗಳ ಶಕ್ತಿಗೆ ಮಿತಿ ಹಾಕಿಕೊಂಡವು.

ನಮ್ಮಲ್ಲಿ?

ಭಾರತದಲ್ಲಿ 5ಜಿಗೆ ಕೊಟ್ಟ ಈ ಬ್ಯಾಂಡ್ 3.3ರಿಂದ 3.67 ಗಿಗಾಹರ್ಟ್ಸ್. ಅಂದರೆ ಆಲ್ಟಿಮೀಟರ್‌ಗೂ ಇದಕ್ಕೂ ನಡುವೆ 530 ಮೆಗಾಹರ್ಟ್ಸ್ ಅಂತರ. ಅಮೆರಿಕದಲ್ಲಿ ಅದು ಬರೀ 220. ಆದರೂ 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಮುನ್ನೆಚ್ಚರಿಕೆ ವಹಿಸಿತು. ರನ್‌ವೇಯ ಎರಡೂ ತುದಿಗಳಿಂದ 2.1 ಕಿಲೋಮೀಟರ್, ಮಧ್ಯರೇಖೆಯಿಂದ 910 ಮೀಟರ್ ಒಳಗೆ ಈ ಬ್ಯಾಂಡ್‌ನ ಟವರ್ ಬೇಡ ಎಂದಿತು. ಆಗ ಹೆಸರಿಸಿದ ನಿಲ್ದಾಣಗಳಲ್ಲಿ ಬೆಂಗಳೂರೂ ಇತ್ತು. ವಿಮಾನಗಳ ಆಲ್ಟಿಮೀಟರ್ ಫಿಲ್ಟರ್ ಬದಲಾಗುವ ತನಕ ಎಂಬುದು ಆ ಸೂಚನೆಯ ಷರತ್ತು.

ಹಾಗಾದರೆ ಫಾರ್ವರ್ಡ್ ನಿಜವೇ?

‘5ಜಿಯಿಂದ ವಿಮಾನ ಬೀಳುತ್ತದೆ’ ಎಂಬುದು ದಾರಿತಪ್ಪಿಸುವ ಮಾತು. ‘ಏನೂ ಸಮಸ್ಯೆಯೇ ಇರಲಿಲ್ಲ’ ಎಂಬುದೂ ಸರಿಯಲ್ಲ. ದೋಷ 5ಜಿ ಅಲೆಯಲ್ಲಿ ಅವಿತಿರುವ ವಿಷದ್ದಲ್ಲ. ಹಳೆಯ ಕಾಲಕ್ಕೆ ತಕ್ಕಂತೆ ಮಾಡಿದ ಬಿಡಿಭಾಗ ಹೊಸ ನೆರೆಗೆ ಸಜ್ಜಾಗಿರಲಿಲ್ಲ, ಅಷ್ಟೇ. ಅಂತರ ಕಾಯ್ದುಕೊಂಡು ಫಿಲ್ಟರ್ ಬದಲಿಸಿದರೆ ಬಗೆಹರಿಯುವ ಸಮಸ್ಯೆ ಇದು.

ಮುಂದೆ ಆ ಸಂದೇಶ ಮತ್ತೆ ಬಂದರೆ ‘ಯಾವ ಬ್ಯಾಂಡ್, ರನ್‌ವೇಯಿಂದ ಎಷ್ಟು ದೂರ?’ ಎಂದು ಕಳಿಸಿದವರನ್ನೇ ಕೇಳಿ. ಉತ್ತರ ಬಾರದಿದ್ದರೆ ಅದನ್ನು ಮುಂದೆ ಕಳಿಸಬೇಡಿ.