ಕೆರೆಯ ಲೆಕ್ಕ ಎಕರೆಯಲ್ಲಿ ಬೇಡ

ಚನ್ನಗಿರಿ ಬಳಿಯ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಯಾವ ಅಳತೆಯಲ್ಲಿ ಎರಡನೆಯದು ಎಂದು ಕೇಳುವವರು ಕಡಿಮೆ. ಹರವಿನಲ್ಲೋ, ಆಳದಲ್ಲೋ, ಹಿಡಿಯುವ ನೀರಿನಲ್ಲೋ? ಇದು ಬರಿಯ ಮಾತಿನ ಚಪಲಕ್ಕೆ ಕೇಳುವ ಪ್ರಶ್ನೆಯಲ್ಲ. ಕೆರೆ ತೋಡಿಸಲು ಸಾಲ ಕೇಳಿ ನಮ್ಮ ಸಂಘಕ್ಕೆ ಬರುವ ಅರ್ಜಿಗಳಲ್ಲೂ ಇದೇ ಕೊರತೆ ಕಾಣುತ್ತದೆ. ‘ಒಂದು ಎಕರೆ ಕೆರೆ’, ‘ಅರ್ಧ ಎಕರೆ ಕೆರೆ’ ಎಂದು ಬರೆದಿರುತ್ತದೆಯೇ ಹೊರತು, ಅದರಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂಬುದು ಇರುವುದಿಲ್ಲ.

ಹರವು ಬೇರೆ, ನೀರಿನ ಮೊತ್ತ ಬೇರೆ ಎಂಬುದಕ್ಕೆ ಪೂರ್ವ ಆಫ್ರಿಕದ ಮೂರು ದೊಡ್ಡ ಸಿಹಿನೀರಿನ ಸರೋವರಗಳು ಒಳ್ಳೆಯ ನಿದರ್ಶನ. ಆ ಸೀಮೆ ಕಾಫಿ ಬೆಳೆಗಾರರಿಗೆ ಪರಕೀಯವೂ ಅಲ್ಲ. ವಿಕ್ಟೋರಿಯಾ ಸರೋವರದ ಪಶ್ಚಿಮ ದಡದಲ್ಲಿ, ತಾಂಜಾನಿಯಾದ ಬುಕೋಬಾ ಸುತ್ತಿನಲ್ಲಿ, ನಮ್ಮಂತೆಯೇ ರೊಬಸ್ಟಾ ಬೆಳೆಯುವ ರೈತರಿದ್ದಾರೆ.

ಹರವಿನಲ್ಲಿ ವಿಕ್ಟೋರಿಯಾವೇ ಹಿರಿಯಣ್ಣ: ಸುಮಾರು 68,800 ಚದರ ಕಿಲೋಮೀಟರ್. ಟಾಂಗನೀಕಾ ಇದರ ಅರ್ಧಕ್ಕಿಂತ ಕಡಿಮೆ, ಸುಮಾರು 32,900. ಮಲಾವಿ ಇನ್ನೂ ಚಿಕ್ಕದು, 30,000ದ ಒಳಗೆ. ಆದರೆ ನೀರಿನ ಮೊತ್ತಕ್ಕೆ ಬಂದರೆ ಸರದಿ ತಲೆಕೆಳಗಾಗುತ್ತದೆ. ಟಾಂಗನೀಕಾದಲ್ಲಿ ಸುಮಾರು 18,900 ಘನ ಕಿಲೋಮೀಟರ್ ನೀರಿದೆ. ಮಲಾವಿಯಲ್ಲಿ ಸುಮಾರು 8,000. ವಿಕ್ಟೋರಿಯಾದಲ್ಲಿ ಸುಮಾರು 2,700 ಮಾತ್ರ. ಕಾರಣ ಆಳ. ವಿಕ್ಟೋರಿಯಾದ ಸರಾಸರಿ ಆಳ ಸುಮಾರು 40 ಮೀಟರ್. ಟಾಂಗನೀಕಾದ್ದು ಸುಮಾರು 570 ಮೀಟರ್. ನಮ್ಮ ಕೃಷ್ಣರಾಜಸಾಗರದ ಸಾಮರ್ಥ್ಯ 49.45 ಟಿಎಂಸಿ. ಅಂಥ 13,500 ಜಲಾಶಯಗಳ ನೀರು ಟಾಂಗನೀಕಾ ಒಂದರಲ್ಲೇ ಇದೆ!

ಆದರೆ ಮೊತ್ತವನ್ನು ತಿಳಿದ ಮಾತ್ರಕ್ಕೆ ಲೆಕ್ಕ ಮುಗಿಯಲಿಲ್ಲ. ಸಂಘದ ಆಯವ್ಯಯ ಪಟ್ಟಿಯಲ್ಲಿ ಬಂಡವಾಳದ ಜೊತೆಗೆ ಜಮಾ ಖರ್ಚನ್ನೂ ನೋಡುವಂತೆ ಇಲ್ಲೂ ನೋಡಬೇಕು. ಅಷ್ಟೊಂದು ನೀರಿರುವ ಮಲಾವಿ ಸರೋವರದಿಂದ 1915ರ ನಂತರ ಸುಮಾರು ಎರಡು ದಶಕ ಶೀರೆ ನದಿಗೆ ನೀರೇ ಹರಿಯಲಿಲ್ಲ. ಮಳೆಯ ಜಮೆ ಕುಗ್ಗಿತು, ಬಿಸಿಲಿನ ಖರ್ಚು ನಿಲ್ಲಲಿಲ್ಲ. ಮಟ್ಟ ಕೋಡಿಗಿಂತ ಕೆಳಗೇ ಉಳಿಯಿತು. ವಿಕ್ಟೋರಿಯಾದ್ದು ಇನ್ನೊಂದು ಪಾಠ. ಅದರ ಜಮೆಯಲ್ಲಿ ಬಹುಪಾಲು ನೇರ ಮೈಮೇಲೆ ಸುರಿಯುವ ಮಳೆ, ಖರ್ಚಿನಲ್ಲಿ ಬಹುಪಾಲು ಹಬೆ. ಹರವು ಹೆಚ್ಚಾದಷ್ಟೂ ಬಿಸಿಲಿಗೆ ಕೊಡುವ ತೆರಿಗೆ ಹೆಚ್ಚು. ಬರಗಾಲದ ಜೊತೆಗೆ ಜಿಂಜಾದ ವಿದ್ಯುತ್ ಅಣೆಕಟ್ಟುಗಳಿಂದ ಹೆಚ್ಚು ನೀರು ಬಿಟ್ಟದ್ದೂ ಸೇರಿ, 2006ರ ಹೊತ್ತಿಗೆ ಅದರ ಮಟ್ಟ ಒಂದು ಮೀಟರಿಗಿಂತ ಹೆಚ್ಚು ಇಳಿಯಿತು. ಆ ಹರವಿನಲ್ಲಿ ಒಂದು ಮೀಟರ್ ಎಂದರೆ ಸುಮಾರು 2,400 ಟಿಎಂಸಿ. 2020ರಲ್ಲಿ ಮಳೆ ವಿಪರೀತವಾಗಿ ಅದೇ ಸರೋವರ ಉಕ್ಕಿ ದಡದ ಊರುಗಳಿಗೆ ನುಗ್ಗಿತು.

ಈಗ ಇದೇ ಲೆಕ್ಕವನ್ನು ನಮ್ಮ ತೋಟಕ್ಕೆ ತರೋಣ. ಹತ್ತು ಎಕರೆ ರೊಬಸ್ಟಾ ಇರುವ ಒಬ್ಬ ಸದಸ್ಯರು ಹೂವಿಗೆ ಒಂದೂವರೆ ಅಂಗುಲ, ಬ್ಯಾಕಿಂಗ್‌ಗೆ ಒಂದು ಅಂಗುಲ ಸ್ಪ್ರಿಂಕ್ಲರ್ ನೀರು ಕೊಡುತ್ತಾರೆ ಎನ್ನಿ. ಎಕರೆಗೆ ಒಂದು ಅಂಗುಲವೆಂದರೆ 1.03 ಲಕ್ಷ ಲೀಟರ್. ಒಟ್ಟು ಬೇಕಾದದ್ದು ಸುಮಾರು 26 ಲಕ್ಷ ಲೀಟರ್. ಒಂದು ಎಕರೆ ಹರವಿನ, ಸರಾಸರಿ ಮೂರು ಅಡಿ ಆಳದ ಕೆರೆಯಲ್ಲೂ, ಅರ್ಧ ಎಕರೆ ಹರವಿನ, ಸರಾಸರಿ ಆರು ಅಡಿ ಆಳದ ಕೆರೆಯಲ್ಲೂ ನಿಲ್ಲುವುದು ಅಷ್ಟೇ ನೀರು: 37 ಲಕ್ಷ ಲೀಟರ್. ಮಳೆ ನಿಂತು ಹೂವಿನ ಕಾಲ ಬರುವಷ್ಟರಲ್ಲಿ ಒಂದೂವರೆ ಅಡಿ ನೀರು ಹಬೆಯಾಗಿ ಹೋಯಿತೆಂದು ಹಿಡಿಯೋಣ. ಅಗಲದ ಕೆರೆಯಲ್ಲಿ ಉಳಿಯುವುದು ಅರ್ಧ, ಸುಮಾರು 18 ಲಕ್ಷ ಲೀಟರ್. ಹೂವಿಗೆ ಸಾಕು, ಬ್ಯಾಕಿಂಗ್ ಮೂರು ಎಕರೆಗೇ ನಿಂತುಹೋಗುತ್ತದೆ. ಆಳದ ಕೆರೆಯಲ್ಲಿ ಮುಕ್ಕಾಲು ಪಾಲು, ಅಂದರೆ ಸುಮಾರು 28 ಲಕ್ಷ ಲೀಟರ್ ಉಳಿಯುತ್ತದೆ. ಹತ್ತೂ ಎಕರೆ ಮುಗಿಯುತ್ತದೆ. ಜೊತೆಗೆ ಅರ್ಧ ಎಕರೆ ಭೂಮಿ ಗಿಡಕ್ಕೆ ಉಳಿಯುತ್ತದೆ.

ಆಳ ತೋಡಿದರೆ ಖರ್ಚು ಹೆಚ್ಚೆಂದು ಕೆಲವು ಹಿರಿಯ ಸದಸ್ಯರ ಆಕ್ಷೇಪಣೆ ಇದೆ. ಅದನ್ನು ನಾವು ತಳ್ಳಿಹಾಕುವುದಿಲ್ಲ. ತೆಗೆಯುವ ಮಣ್ಣು ಎರಡರಲ್ಲೂ ಒಂದೇ ಆದರೂ, ಕೆಳಗಿನಿಂದ ಎತ್ತುವ ಕೂಲಿ ಹೆಚ್ಚು. ಬಂಡೆ ಸಿಕ್ಕರೆ ಕೆಲಸ ನಿಂತೀತು. ದಡಕ್ಕೆ ಇಳಿಜಾರು ಸಾಲದಿದ್ದರೆ ಕುಸಿದೀತು. ದನಕರುಗಳ ದೃಷ್ಟಿಯಿಂದ ಬೇಲಿಯೂ ಬೇಕು. ಆದ್ದರಿಂದ ಎಲ್ಲರೂ ಆಳಕ್ಕೇ ಇಳಿಯಿರಿ ಎಂಬುದು ನಮ್ಮ ವಾದವಲ್ಲ. ನೀರು ಎಷ್ಟು ನಿಲ್ಲುತ್ತದೆ, ಎಲ್ಲಿಂದ ಬರುತ್ತದೆ, ಹೂವಿನ ದಿನಕ್ಕೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದ ಮೇಲೆ ಹಾರೆ ಎತ್ತಿರಿ ಎಂಬುದಷ್ಟೇ ನಮ್ಮ ವಾದ. ಅಡಿಕೆ ತೋಟದವರಿಗೆ ಬೇಸಗೆಯುದ್ದಕ್ಕೂ ನೀರು ಬೇಕಾದ್ದರಿಂದ ಈ ಲೆಕ್ಕ ಅವರಿಗೆ ಇನ್ನೂ ಅಗತ್ಯ.

ಕೆರೆ ಸಾಲದ ಅರ್ಜಿಯಲ್ಲಿ ಎಕರೆಯ ಕಾಲಂ ಪಕ್ಕದಲ್ಲಿ ಸರಾಸರಿ ಆಳ, ನಿಲ್ಲುವ ನೀರಿನ ಮೊತ್ತ, ನೀರಿನ ಮೂಲ ಎಂಬ ಮೂರು ಕಾಲಂಗಳನ್ನು ಸೇರಿಸಬೇಕು. ಸಾಲದ ಮಿತಿಯನ್ನು ಹರವಿನ ಮೇಲಲ್ಲ, ನೀರಿನ ಮೊತ್ತದ ಮೇಲೆ ಗೊತ್ತುಪಡಿಸಬೇಕು. ಹಳೆಯ ಕೆರೆಯ ಹೂಳೆತ್ತುವವರಿಗೂ ಇದೇ ನಿಯಮ ಅನ್ವಯಿಸಲಿ. ಒಂದು ಅಡಿ ಹೂಳು ತೆಗೆದರೆ ಎಕರೆಗೆ 12 ಲಕ್ಷ ಲೀಟರಿನ ಜಾಗ ಮರಳಿ ಸಿಗುತ್ತದೆ. ಈ ಸೂಚನೆಯನ್ನು ಬರುವ ಸರ್ವಸದಸ್ಯರ ಸಭೆಯ ಮುಂದೆ ಇಡಲಿದ್ದೇವೆ. ಸದಸ್ಯ ಬಂಧುಗಳು ಅಷ್ಟರೊಳಗೆ ಒಂದು ಗಳುವಿಗೆ ಅಡಿಗಳ ಗುರುತು ಹಾಕಿಕೊಂಡು ತಮ್ಮ ತಮ್ಮ ಕೆರೆಯ ಆಳವನ್ನು ನಾಲ್ಕಾರು ಕಡೆ ಅಳೆದು ತರಬೇಕೆಂದು ಕೋರುತ್ತೇವೆ.