ಮುಖ್ಯಮಂತ್ರಿ ಬದಲಾದರು, ನಿಮ್ಮ ಕಡತ ಎಲ್ಲಿದೆ?

ಈ ವಾರ ಬೆಳೆ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ಆದರೆ 2021ರ ಜುಲೈ 26ರ ಸೋಮವಾರ ಮಧ್ಯಾಹ್ನದಿಂದ ನನ್ನ ಫೋನಿನಲ್ಲಿ ಬೆಳೆ ಬಗ್ಗೆ ಒಂದೇ ಒಂದು ಮೆಸೇಜ್ ಬಂದಿಲ್ಲ. ಬಂದಿದ್ದೆಲ್ಲ ಯಡಿಯೂರಪ್ಪನವರ ರಾಜೀನಾಮೆ ವಿಷಯ.

ನೀವೂ ನೋಡಿರ್ತೀರಿ. ವಿಧಾನಸೌಧದಲ್ಲಿ ಸರ್ಕಾರಕ್ಕೆ ಎರಡು ವರ್ಷ ತುಂಬಿದ ಕಾರ್ಯಕ್ರಮ. ಅದೇ ವೇದಿಕೆಯಲ್ಲಿ ಗದ್ಗದಿತರಾಗಿ ರಾಜೀನಾಮೆ ಕೊಡ್ತೀನಿ ಅಂದರು. 78 ವರ್ಷದ ಮನುಷ್ಯ ಕಣ್ಣೀರು ಹಾಕಿದ ಆ ವಿಡಿಯೊ ಸಂಜೆಯೊಳಗೆ ಅರ್ಧ ಜನರ ಸ್ಟೇಟಸ್ ಆಗಿತ್ತು. ಶಿಕಾರಿಪುರದಲ್ಲಿ ಅಂಗಡಿಯವರು ತಾವಾಗಿಯೇ ಬಾಗಿಲು ಹಾಕಿದರು. ಹಿಂದಿನ ದಿನ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸ್ವಾಮೀಜಿಗಳ ಸಮಾವೇಶವೇ ನಡೆದಿತ್ತು. ಇನ್ನರ್ಧ ಜನರ ಸ್ಟೇಟಸ್‌ನಲ್ಲಿ ಬರೀ ನಗು, ಅಣಕ. ಚಾಮರಾಜನಗರ ಜಿಲ್ಲೆಯಲ್ಲಿ ಅಭಿಮಾನಿಯೊಬ್ಬರು ಜೀವವನ್ನೇ ಕಳೆದುಕೊಂಡರು ಅನ್ನೋ ಸುದ್ದಿ ಓದಿ ಮನಸ್ಸು ಕಲಕಿಹೋಯಿತು. ಯಾವ ಕುರ್ಚಿಗೂ ಅಷ್ಟು ಬೆಲೆ ಇಲ್ಲ. ಯಾರಿಗಾದರೂ ಹಾಗೆ ಅನ್ನಿಸಿದರೆ ದಯವಿಟ್ಟು ಮನೆಯವರ ಹತ್ತಿರ, ಗೆಳೆಯರ ಹತ್ತಿರ ಮಾತಾಡಿ.

ಮರುದಿನ ಬೆಳಿಗ್ಗೆ ನಮ್ಮೂರ ಹಾಲಿನ ಡೈರಿಯಲ್ಲೂ ಅದೇ ಮಾತು. ಕ್ಯಾನ್ ಹಿಡಿದು ನಿಂತಿದ್ದ ಹಿರಿಯರೊಬ್ಬರು, "ಹಸಿರು ಶಾಲು ಹೊದ್ದೋರು ಹೋದ್ರು. ಇನ್ನು ನಮ್ ಕಡೆ ನೋಡೋರ್ ಯಾರು ತಮ್ಮಾ?" ಅಂದರು. ಪಕ್ಕದಲ್ಲಿದ್ದ ಹುಡುಗ ಬಿಡಲಿಲ್ಲ. "ಹೋಗ್ಲಿ ಬಿಡಿ ದೊಡ್ಡಪ್ಪ, ಜಮೀನು ಯಾರ್ ಬೇಕಾದ್ರೂ ತಗೋಬೋದು ಅಂತ ಕಾಯ್ದೆ ತಂದೋರು ಅವ್ರೇ ಅಲ್ವಾ?"

ಇಬ್ಬರ ಮಾತಲ್ಲೂ ಸುಳ್ಳಿಲ್ಲ. ಆದರೆ ಇಬ್ಬರೂ ಒಂದೇ ತಪ್ಪು ಮಾಡ್ತಿದ್ದಾರೆ ಅಂತ ನನಗನ್ನಿಸಿತು. ಆ ತಪ್ಪಿನ ಬಗ್ಗೆಯೇ ಈ ವಾರ ಬರೆಯೋದು.

ಮೊದಲು ದೊಡ್ಡಪ್ಪನ ಮಾತು ನೋಡೋಣ. ಅವರು ಹಾಕೋ ಹಾಲಿಗೆ ಸರ್ಕಾರದ ಪ್ರೋತ್ಸಾಹಧನ ಬರುತ್ತೆ. ಅದು ಶುರುವಾಗಿದ್ದು 2008ರಲ್ಲಿ, ಯಡಿಯೂರಪ್ಪನವರ ಸರ್ಕಾರದಲ್ಲಿ, ಲೀಟರಿಗೆ 2 ರೂಪಾಯಿಯಂತೆ. 2011ರಲ್ಲಿ ಅವರು ಖುರ್ಚಿ ಬಿಟ್ಟರು. ಪ್ರೋತ್ಸಾಹಧನ ನಿಂತಿತಾ? ಇಲ್ಲ. 2013ರಲ್ಲಿ ಬಂದ ಸಿದ್ದರಾಮಯ್ಯನವರ ಸರ್ಕಾರ ಅದನ್ನು 4 ರೂಪಾಯಿ ಮಾಡಿತು, ಆಮೇಲೆ ಇನ್ನೂ ಏರಿತು. ಬೆಳೆಸಾಲದ ಕತೆಯೂ ಹಾಗೇ. 2011ರಲ್ಲಿ ಅವರು ಮಂಡಿಸಿದ ಪ್ರತ್ಯೇಕ ಕೃಷಿ ಬಜೆಟ್ ದೇಶದಲ್ಲೇ ಮೊದಲನೆಯದು. ಸಹಕಾರ ಸಂಘದಲ್ಲಿ ಶೇ 1ರ ಬಡ್ಡಿಗೆ ಬೆಳೆಸಾಲ ಅಂತ ಹೇಳಿದ್ದು ಆಗಲೇ. ಅವರು ಹೋದ ಮೇಲೆ ಬಂದ ಸರ್ಕಾರಗಳು ಅದನ್ನು ಶೂನ್ಯ ಬಡ್ಡಿಗೆ ಇಳಿಸಿದವು, ಮಿತಿ 3 ಲಕ್ಷದವರೆಗೆ ಹೋಯಿತು. ಅಂದರೆ ಮನುಷ್ಯ ಹೋದರೂ ಕೆಲಸ ಉಳಿಯಿತು. ಪಕ್ಷ ಬದಲಾದರೂ ಉಳಿಯಿತು.

ಯಾಕೆ ಉಳಿಯಿತು ಗೊತ್ತಾ? ಹಾಲಿನ ಹಣ ಪಡೆಯೋ ಲಕ್ಷಾಂತರ ಕುಟುಂಬಗಳು ಹಳ್ಳಿ ಹಳ್ಳಿಯ ಸಂಘದಲ್ಲಿ ಸದಸ್ಯರಾಗಿದ್ದಾರೆ. ಲೆಕ್ಕ ಇದೆ, ಪುಸ್ತಕ ಇದೆ, ಚುನಾಯಿತ ಮಂಡಳಿ ಇದೆ. ಅದಕ್ಕೆ ಕೈ ಹಾಕೋಕೆ ಯಾವ ಮುಖ್ಯಮಂತ್ರಿಗೂ ಧೈರ್ಯ ಬರಲ್ಲ.

ಈಗ ಆ ಹುಡುಗನ ಮಾತು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂ ತೆಗೆದರು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳೋಕೆ ದಾರಿಯಾಯಿತು. ಎಪಿಎಂಸಿ ಕಾಯ್ದೆಗೂ ತಿದ್ದುಪಡಿ ಬಂತು, ಪ್ರಾಂಗಣದ ಹೊರಗೂ ಖರೀದಿ ಮಾಡಬಹುದು ಅಂತಾಯಿತು. ರೈತ ಸಂಘಟನೆಗಳು ಬೀದಿಗಿಳಿದವು, 2020ರ ಸೆಪ್ಟೆಂಬರ್ 28ರಂದು ಕರ್ನಾಟಕ ಬಂದ್ ಆಯಿತು. ಇನ್ನೂ ಹಿಂದೆ ಹೋದರೆ 2008. ರೈತರ ಹೆಸರಲ್ಲಿ ಪ್ರಮಾಣವಚನ ತಗೊಂಡು ಎರಡು ವಾರ ಆಗಿರಲಿಲ್ಲ, ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಅದನ್ನು ಮರೆಯದವರು ಈ ಸೋಮವಾರ ಕಣ್ಣೀರು ಹಾಕಲಿಲ್ಲ ಅಂದರೆ ಅದಕ್ಕೂ ಕಾರಣ ಇದೆ.

ಆದರೆ ಹುಡುಗನಿಗೆ ನಾನು ಕೇಳಿದ್ದು ಇಷ್ಟೇ. "ಅವ್ರು ಹೋದ್ರು ಅಂತ ನಗ್ತಿದೀಯಲ್ಲ, ಕಾಯ್ದೆ ಹೋಯ್ತೇನೋ?" ಅವನು ಸುಮ್ಮನಾದ. ಕಾಯ್ದೆ ಸೋಮವಾರ ಬೆಳಿಗ್ಗೆ ಹೇಗಿತ್ತೋ ಮಂಗಳವಾರ ಬೆಳಿಗ್ಗೆಯೂ ಹಾಗೇ ಇತ್ತು. ಅತ್ತವರ ಯೋಜನೆ ಹೋಗಲಿಲ್ಲ, ನಕ್ಕವರ ಕಾಯ್ದೆಯೂ ಹೋಗಲಿಲ್ಲ. ಹೋಗಿದ್ದು ಒಬ್ಬ ವ್ಯಕ್ತಿ. ನಾವು ಇಡೀ ವಾರ ಆ ವ್ಯಕ್ತಿಯನ್ನೇ ನೋಡ್ತಾ ಕೂತೆವು, ಕಾಗದ ನೋಡಲಿಲ್ಲ.

ನಾನು ತೋಟಗಾರಿಕೆ ಓದಿದವನು, ಅದಕ್ಕೇ ತೋಟದ ಲೆಕ್ಕದಲ್ಲೇ ಹೇಳ್ತೀನಿ. 2018ರ ಮೇ ತಿಂಗಳ ಮೊದಲ ವಾರ ನೆಟ್ಟ ಅಡಿಕೆ ಸಸಿ 2021ರ ಜುಲೈ ಹೊತ್ತಿಗೂ ಸರಿಯಾಗಿ ಹೊಂಬಾಳೆ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಅದು ಸಿದ್ದರಾಮಯ್ಯ, ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಆಮೇಲೆ ಬೊಮ್ಮಾಯಿ, ಹೀಗೆ ಐದು ಸರ್ಕಾರ ಕಂಡಾಗಿತ್ತು. ಯಡಿಯೂರಪ್ಪನವರೇ ನಾಲ್ಕು ಸಲ ಮುಖ್ಯಮಂತ್ರಿ ಆದರು, ಒಮ್ಮೆಯೂ ಐದು ವರ್ಷ ಪೂರ್ತಿ ಸಿಗಲಿಲ್ಲ. ಸಾವಯವ ಪ್ರಮಾಣೀಕರಣಕ್ಕೆ ಹೋದರೆ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿಯೇ ಮೂರು ವರ್ಷ. ನಮ್ಮ ಕೆಲಸ ಸರ್ಕಾರಗಳಿಗಿಂತ ದೀರ್ಘದ್ದು. ಅಂಥ ಕೆಲಸವನ್ನು ಒಬ್ಬ ನಾಯಕನ ಮೇಲೆ ನಂಬಿಕೆ ಇಟ್ಟು ಮಾಡೋಕೆ ಆಗಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ದುಡ್ಡು ಕಳಕೊಂಡು ಕಲಿತದ್ದು. 2018ರ ಚುನಾವಣೆಗೆ ಮುಂಚೆ ಒಂದು ಕಚೇರಿಯಲ್ಲಿ, "ಎರೆಗೊಬ್ಬರದ ತೊಟ್ಟಿ, ಶೆಡ್ ಕಟ್ಟಿಬಿಡಿ, ಸಬ್ಸಿಡಿ ಹೇಗೂ ಬರುತ್ತೆ" ಅಂದರು. ನಾನು ಕಾರ್ಯಾದೇಶ ಕೈಗೆ ಬರೋ ಮೊದಲೇ ಸಿಮೆಂಟು, ಇಟ್ಟಿಗೆ ತಂದೆ. ಚುನಾವಣೆ ಆಯಿತು, ಸರ್ಕಾರ ಬದಲಾಯಿತು, ನನಗೆ ಹೇಳಿದವರಿಗೂ ಬೇರೆ ಊರಿಗೆ ವರ್ಗ ಆಯಿತು. ಆಮೇಲೆ ಹೋಗಿ ಕೇಳಿದರೆ, "ಆ ವರ್ಷದ ಗುರಿ ಮುಗಿದಿದೆ, ನಿಮ್ಮ ಹೆಸರಲ್ಲಿ ಆದೇಶ ಇಲ್ಲವಲ್ಲ" ಅಂದರು. ತಪ್ಪು ಅವರದ್ದೂ ಇತ್ತು, ನನ್ನದೂ ಇತ್ತು. ಆಗ ನಾನೂ ಸ್ಟೇಟಸ್‌ನಲ್ಲಿ ಯಾರು ಗೆದ್ದರು, ಯಾರು ಬಿದ್ದರು ಅಂತ ಹಾಕ್ತಿದ್ದೆ. ನನ್ನ ಅರ್ಜಿ ಎಲ್ಲಿದೆ ಅಂತ ಒಂದು ಸಲವೂ ಹೋಗಿ ನೋಡಿರಲಿಲ್ಲ.

ಅವತ್ತಿನಿಂದ ಸರ್ಕಾರದ ಯಾವ ಮಾತು ಕೇಳಿದರೂ ನಾನು ಮೂರು ಭಾಗ ಮಾಡಿ ನೋಡ್ತೀನಿ. ನೀವೂ ಮಾಡಿ ನೋಡಿ.

ಮೊದಲನೆಯದು ಕಾಯ್ದೆ. ಒಳ್ಳೆಯದಿರಲಿ ಕೆಟ್ಟದಿರಲಿ, ಅದನ್ನು ತೆಗೆಯೋಕೆ ಮತ್ತೆ ಸದನಕ್ಕೇ ಹೋಗಬೇಕು. ರಾಜೀನಾಮೆಯಿಂದ ಅದಕ್ಕೆ ಏನೂ ಆಗಲ್ಲ. ಕಾಯ್ದೆ ಬೇಡ ಅನ್ನೋರು ವ್ಯಕ್ತಿ ಹೋದ ಅಂತ ಸುಮ್ಮನಾಗಬಾರದು, ನಿಮ್ಮ ಎಂಎಲ್ಎಗೆ ಕೇಳಬೇಕು.

ಎರಡನೆಯದು ಬಜೆಟ್ ಮತ್ತು ಆದೇಶ. ಇದರ ಆಯಸ್ಸು ವರ್ಷದಿಂದ ವರ್ಷಕ್ಕೆ. ಉದಾಹರಣೆಗೆ 2021ರಲ್ಲಿ ಪಿಎಂ ಕಿಸಾನ್‌ನಲ್ಲಿ ಕೇಂದ್ರದ 6,000 ರೂಪಾಯಿ ಜೊತೆ ರಾಜ್ಯದ 4,000 ಬರ್ತಿತ್ತಲ್ಲ, ಅದು ಯಡಿಯೂರಪ್ಪನವರು 2019ರ ಜುಲೈ 26ರಂದು ಅಧಿಕಾರಕ್ಕೆ ಬಂದ ದಿನವೇ ಘೋಷಿಸಿದ್ದು. ಅಂಥದ್ದಕ್ಕೆ ಪ್ರತಿ ವರ್ಷ ರಾಜ್ಯ ಬಜೆಟ್‌ನಲ್ಲಿ ಹಣ ಇಡಬೇಕು. ಯಾವ ವರ್ಷ ಇಡಲ್ಲವೋ ಆ ವರ್ಷ ನಿಲ್ಲುತ್ತೆ. ಸ್ವಾಮೀಜಿಗಳ ಸಮಾವೇಶವಾಗಲಿ ಅಭಿಮಾನಿಗಳ ಕಣ್ಣೀರಾಗಲಿ ಅಂಥದ್ದನ್ನು ಉಳಿಸಲ್ಲ. ಬಜೆಟ್ ಬರೋ ಮೊದಲು ನಾವು ಕೇಳಿದರೆ ಮಾತ್ರ ಉಳಿಯುತ್ತೆ.

ಮೂರನೆಯದು ವೇದಿಕೆ ಮಾತು. 2018ರ ಮೇ 17ರಂದು ಯಡಿಯೂರಪ್ಪನವರು ಪ್ರಮಾಣವಚನ ತಗೊಂಡು ಸಾಲಮನ್ನಾದ ಮಾತಾಡಿದರು. ಮೇ 19ಕ್ಕೆ ರಾಜೀನಾಮೆ. ಆ ಮಾತು ಅವರ ಜೊತೆಗೇ ಹೋಯಿತು. ಆಮೇಲೆ ಕುಮಾರಸ್ವಾಮಿಯವರು ತಮ್ಮ ಬಜೆಟ್‌ನಲ್ಲಿ ತಮ್ಮದೇ ಲೆಕ್ಕದ ಸಾಲಮನ್ನಾ ತಂದರು. ಬೊಮ್ಮಾಯಿಯವರು 2021ರ ಜುಲೈ 28ರಂದು, ಮೊದಲ ದಿನವೇ, ರೈತರ ಮಕ್ಕಳಿಗೆ 1,000 ಕೋಟಿ ರೂಪಾಯಿಯ ವಿದ್ಯಾರ್ಥಿವೇತನ ಅಂತ ಘೋಷಿಸಿದರು. ಒಳ್ಳೆಯ ಮಾತು. ಆದರೆ ಆದೇಶ ಬರೋವರೆಗೆ ಅದು ಬರೀ ಘೋಷಣೆ ಆಗಿತ್ತು. "ಇಲ್ಲಿ ಅರ್ಜಿ ಹಾಕಿ" ಅಂತ ವಾಟ್ಸಾಪ್‌ನಲ್ಲಿ ಬರೋ ಲಿಂಕ್ ಒತ್ತಬೇಡಿ, ಆಧಾರ್ ನಂಬರ್, ಒಟಿಪಿ ಯಾರಿಗೂ ಕೊಡಬೇಡಿ.

ಇಷ್ಟೆಲ್ಲ ಈಗಲೇ ಯಾಕೆ ಹೇಳ್ತಿದೀನಿ ಅಂದರೆ, ಆ ರಾಜೀನಾಮೆ ಬಂದಿದ್ದು ನೆರೆಯ ನಡುವೆ. ಬೆಳಗಾವಿ, ಉತ್ತರ ಕನ್ನಡದ ಕಡೆ ಗದ್ದೆ, ತೋಟ ನೀರಲ್ಲಿ ನಿಂತಿದ್ದವು. ಯಡಿಯೂರಪ್ಪನವರು ರಾಜೀನಾಮೆಯ ಹಿಂದಿನ ದಿನ ಬೆಳಗಾವಿಯಲ್ಲಿ ನೆರೆ ನೋಡ್ತಿದ್ದರು. ಹೊಸ ಮುಖ್ಯಮಂತ್ರಿ ಅಧಿಕಾರ ತಗೊಂಡ ಮರುದಿನವೇ ಉತ್ತರ ಕನ್ನಡಕ್ಕೆ ಹೋದರು. ಆದರೆ ಇದನ್ನು ಬರೆಯೋ ಹೊತ್ತಿಗೆ ಅವರನ್ನು ಬಿಟ್ಟು ಬೇರೆ ಮಂತ್ರಿಗಳೇ ಇರಲಿಲ್ಲ. ಟಿವಿಯವರು ಯಾರಿಗೆ ಯಾವ ಖಾತೆ ಅಂತ ಕಾಯ್ತಿದ್ದರು. ನಿಮ್ಮ ಹೊಲದಲ್ಲಿ ಕೊಳೀತಿರೋ ಬೆಳೆ ಅದಕ್ಕೆ ಕಾಯಲ್ಲ.

ಹಾಗಾಗಿ ಈ ವಾರ ಇಷ್ಟು ಮಾಡಿ:

1. ಬೆಳೆ ಹಾಳಾಗಿದ್ದರೆ ನೀರು ಇಳಿಯೋ ಮೊದಲೇ ಫೋಟೊ ತೆಗೆಯಿರಿ. ಫೋನಿನಲ್ಲಿ ಲೊಕೇಶನ್, ದಿನಾಂಕ ಬರೋ ಹಾಗಿರಲಿ. ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಜಂಟಿ ಸಮೀಕ್ಷೆ ಪಟ್ಟಿಯಲ್ಲಿ ನಿಮ್ಮ ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ಸರಿ ಇದೆಯಾ ನೋಡಿ.

2. ಪರಿಹಾರದ ಲೆಕ್ಕ ಗೊತ್ತಿರಲಿ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು. 2021ರಲ್ಲಿ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 6,800, ನೀರಾವರಿಗೆ 13,500, ಬಹುವಾರ್ಷಿಕ ಬೆಳೆಗೆ 18,000 ರೂಪಾಯಿ, ಗರಿಷ್ಠ 2 ಹೆಕ್ಟೇರ್ ಅಂತ ಇತ್ತು. 2019ರ ನೆರೆಯಲ್ಲಿ ರಾಜ್ಯ ಇದರ ಮೇಲೆ ಹೆಕ್ಟೇರಿಗೆ 10,000 ಹೆಚ್ಚಿಗೆ ಕೊಟ್ಟಿತ್ತು. ಈ ಸಲವೂ ಕೊಡಿ ಅಂತ ಕೇಳೋಕೆ ನಮ್ಮ ಹತ್ತಿರ ಆ ಉದಾಹರಣೆ ಇದೆ. ಹಸಿರು ಶಾಲು ಯಾರ ಹೆಗಲ ಮೇಲಿದೆ ಅನ್ನೋದಕ್ಕಿಂತ ಈ ಪ್ರಶ್ನೆ ದೊಡ್ಡದು.

3. ಫಸಲ್ ಬಿಮಾ ಕಟ್ಟಿದ್ದು ಹೊಲ ಜಲಾವೃತ ಆಗಿದ್ದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ.

4. ಫ್ರೂಟ್ಸ್ ಐಡಿಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಬೆಳೆ ಸಮೀಕ್ಷೆ ಆ್ಯಪ್ ತೆರೆದ ಕೂಡಲೇ ನೀವೇ ಬೆಳೆ ದಾಖಲಿಸಿ. ಭತ್ತ ಹಾಕಿದ ಗದ್ದೆ ದಾಖಲೆಯಲ್ಲಿ ಬೀಳು ಅಂತ ಇದ್ದರೆ ಪರಿಹಾರವೂ ಇಲ್ಲ, ವಿಮೆಯೂ ಇಲ್ಲ.

5. ಯಾವುದೇ ಸಬ್ಸಿಡಿ ಅರ್ಜಿ ಬಾಕಿ ಇದ್ದರೆ ಈಗಲೇ ಹೋಗಿ ಅರ್ಜಿ ಸಂಖ್ಯೆ, ಕಾರ್ಯಾದೇಶ ಎಲ್ಲಿಗೆ ಬಂತು ಅಂತ ಕೇಳಿ. ಕಾರ್ಯಾದೇಶ ಕೈಗೆ ಬರೋವರೆಗೆ ಒಂದು ಇಟ್ಟಿಗೆಯನ್ನೂ ತರಬೇಡಿ. ನನ್ನ ಶೆಡ್ ನೆನಪಿರಲಿ.

ಯಡಿಯೂರಪ್ಪನವರ ಮೇಲೆ ನಿಮಗೆ ಪ್ರೀತಿ ಇದ್ದರೆ ಇಟ್ಟುಕೊಳ್ಳಿ. ಪುರಸಭೆ ಸದಸ್ಯನಿಂದ ಶುರು ಮಾಡಿ ನಾಲ್ಕು ಸಲ ಮುಖ್ಯಮಂತ್ರಿ ಆದವರು, ಅದೇನು ಸಣ್ಣ ಮಾತಲ್ಲ. ಸಿಟ್ಟಿದ್ದರೆ ಅದನ್ನೂ ಇಟ್ಟುಕೊಳ್ಳಿ, ಕಾರಣಗಳಿವೆ. ಆದರೆ ಈ ವಾರ ನಾನು ನೋಡಿದ ಪ್ರತಿಕ್ರಿಯೆಯಲ್ಲಿ ಜಾತಿಯವರಾಗಿ ಅತ್ತವರು ಇದ್ದರು, ಪಕ್ಷದವರಾಗಿ ನಕ್ಕವರು ಇದ್ದರು. ರೈತರಾಗಿ "ನಮ್ಮ ಪರಿಹಾರ ಏನಾಯ್ತು?" ಅಂತ ಕೇಳಿದವರು ಬಹಳ ಕಡಿಮೆ.

ಡೈರಿಯ ದೊಡ್ಡಪ್ಪ ಹೊರಡೋ ಮುಂಚೆ ನನ್ನನ್ನು ಕರೆದರು. "ಅಲ್ಲ ತಮ್ಮಾ, ಗದ್ದೆ ಫೋಟೊ ತೆಗೀಬೇಕು ಅಂದ್ಯಲ್ಲ, ನಂಗೆ ಆ ಫೋನೆಲ್ಲ ಬರಲ್ಲ." ನಾನು ಬಾಯಿ ತೆರೆಯೋ ಮೊದಲೇ ಆ ಹುಡುಗ, "ನಾನ್ ಬರ್ತೀನಿ ನಡೀರಿ ದೊಡ್ಡಪ್ಪ" ಅಂತ ಬೈಕ್ ತಿರುಗಿಸಿದ.

ನಿಮ್ಮೂರಲ್ಲೂ ಅಂಥ ದೊಡ್ಡಪ್ಪ ಇರ್ತಾರೆ. ಫೋನ್ ನಿಮ್ಮ ಕೈಯಲ್ಲಿದೆ.